ಇಟಲಿಗೆ ಹೋಗುವ ದಂಪತಿಗಳಿಗೆ ಎರಡೇ ಊರು ಸಾಕು

ಮದುವೆಯಾಗಿ ಹತ್ತು ವರ್ಷ ತುಂಬಿತೆಂದೋ ಇಪ್ಪತ್ತೈದು ತುಂಬಿತೆಂದೋ ಇಟಲಿಗೆ ಹೊರಡುವ ದಂಪತಿಗಳ ಕೈಗೆ ಸಿಗುವ ಪ್ರವಾಸದ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ರೋಮ್, ಪೀಸಾ, ಫ್ಲಾರೆನ್ಸ್, ವೆನಿಸ್, ಮಿಲಾನ್. ಏಳು ರಾತ್ರಿ, ಎಂಟು ಹಗಲು. ಊರಿಗೊಂದು ಗೋಪುರ, ಒಂದು ಚರ್ಚು, ಒಂದು ಚೌಕ, ಒಂದಷ್ಟು ಫೋಟೊ. ಪ್ಯಾಕೇಜ್ ಟೂರಿನವರು ಮಾತ್ರ ಹೀಗೆ ಮಾಡುತ್ತಾರೆ ಎನ್ನುವಂತಿಲ್ಲ. ತಾವೇ ಕೂತು ವಿಮಾನ, ರೈಲು, ಹೋಟೆಲ್ ಬುಕ್ ಮಾಡಿಕೊಳ್ಳುವವರೂ ಕೊನೆಗೆ ಹಿಡಿಯುವುದು ಇದೇ ದಾರಿ. ಅಷ್ಟು ದೂರ ಹೋಗುತ್ತೇವೆ, ಅಷ್ಟು ದುಡ್ಡು ಸುರಿಯುತ್ತೇವೆ, ಮತ್ತೆ ಯಾವಾಗಲೋ ಏನೋ, ಸಿಕ್ಕಷ್ಟನ್ನೂ ನೋಡಿಬಿಡೋಣ ಎಂಬ ಲೆಕ್ಕ ಅದರ ಹಿಂದಿದೆ. ಲೆಕ್ಕ ಅರ್ಥವಾಗುವಂಥದ್ದೇ, ಆದರೆ ಅದರ ಉತ್ತರ ತಪ್ಪು ಎಂಬುದು ನನ್ನ ವಾದ. ವಾರ್ಷಿಕೋತ್ಸವಕ್ಕೆಂದು ಹೋಗುವ ಇಬ್ಬರು ಎಂಟು ಹತ್ತು ದಿನ ಇಟಲಿಯಲ್ಲಿರುವುದಾದರೆ ಎರಡೇ ಎರಡು ಊರುಗಳಲ್ಲಿ ತಂಗಬೇಕು. ಮೂರನೆಯದನ್ನು ಬೇಕಾದರೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಿ ನೋಡಬಹುದು. ಆರಾಮಾಗಿ ಇರಬೇಕೆಂಬ ಆಸೆಯಿಂದ ಹುಟ್ಟಿದ ಸಲಹೆ ಇದಲ್ಲ. ಆ ನಗರಗಳು ಬೆಳೆದು ಬಂದ ರೀತಿ, ಇವತ್ತು ಅವು ನಡೆಯುತ್ತಿರುವ ರೀತಿ, ಇಬ್ಬರಿಗೆ ಅಲ್ಲಿ ನೋಡಲು ಇರುವ ವಸ್ತುಗಳು, ಮೂರೂ ಇದೇ ಮಾತನ್ನು ಹೇಳುತ್ತವೆ.

ಮೊದಲು ಗಡಿಯಾರದ ಮಾತು. ಇಟಲಿಯ ವೇಗದ ರೈಲುಗಳು ನಿಜಕ್ಕೂ ಚೆನ್ನಾಗಿವೆ. ರೋಮಿನಿಂದ ಫ್ಲಾರೆನ್ಸಿಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸಿಗೆ ಎರಡು ಗಂಟೆಗೆ ತುಸು ಹೆಚ್ಚು, ರೋಮಿನಿಂದ ಮಿಲಾನಿಗೆ ಮೂರು ಗಂಟೆಯ ಆಸುಪಾಸು. ಸರ್ಕಾರಿ ರೈಲುಗಳ ಜೊತೆಗೆ 2012ರಿಂದ ಇತಾಲೊ ಎಂಬ ಖಾಸಗಿ ರೈಲೂ ಅದೇ ಹಳಿಗಳ ಮೇಲೆ ಪೈಪೋಟಿಗೆ ಬಿದ್ದು ಓಡುತ್ತಿದೆ. ಪಟ್ಟಿ ಮಾಡುವವರು ನೋಡುವುದು ಈ ಸಂಖ್ಯೆಗಳನ್ನು ಮಾತ್ರ. ಒಂದೂವರೆ ಗಂಟೆ ತಾನೇ ಎನ್ನುತ್ತಾರೆ. ಆದರೆ ಊರು ಬದಲಿಸುವ ದಿನ ನಿಜವಾಗಿ ನಡೆಯುವುದು ಬೇರೆ. ಬೆಳಿಗ್ಗೆ ಎದ್ದು ಪೆಟ್ಟಿಗೆ ಕಟ್ಟಬೇಕು, ಹತ್ತು ಹನ್ನೊಂದಕ್ಕೆ ಕೋಣೆ ಬಿಡಬೇಕು, ಕಲ್ಲುಹಾಸಿನ ಬೀದಿಯಲ್ಲಿ ಗಾಲಿಪೆಟ್ಟಿಗೆ ಎಳೆದುಕೊಂಡು ಸ್ಟೇಷನ್ ಸೇರಬೇಕು, ರೈಲು ತಪ್ಪಬಾರದೆಂದು ಅರ್ಧ ಗಂಟೆ ಮೊದಲೇ ನಿಲ್ಲಬೇಕು. ಇಳಿದ ಊರಿನಲ್ಲಿ ಹೋಟೆಲ್ ಹುಡುಕಬೇಕು, ಪಾಸ್‌ಪೋರ್ಟ್ ಬರೆಸಬೇಕು, ಮಧ್ಯಾಹ್ನ ಎರಡು ಮೂರಕ್ಕೆ ಕೊಡುವ ಕೋಣೆಗೆ ಕಾಯಬೇಕು. ಒಂದೂವರೆ ಗಂಟೆಯ ಪ್ರಯಾಣ ಅರ್ಧ ದಿನವನ್ನು ನುಂಗಿಹಾಕುತ್ತದೆ. ಐದು ಊರು ಎಂದರೆ ನಾಲ್ಕು ಬದಲಾವಣೆ. ಎಂಟು ದಿನಗಳಲ್ಲಿ ಎರಡು ಪೂರ್ತಿ ದಿನ ಲಗೇಜಿನ ಪಾಲು. ಅದೂ ಹಗಲಿನ ಹೊತ್ತು, ಮ್ಯೂಸಿಯಂಗಳು ತೆರೆದಿರುವ ಹೊತ್ತು.

ಹೋಗಲಿ, ಸಮಯದ ಲೆಕ್ಕವನ್ನು ಹೇಗೋ ಹೊಂದಿಸಿದರೂ ಅದಕ್ಕಿಂತ ದೊಡ್ಡದೊಂದು ಸಂಗತಿ ಉಳಿಯುತ್ತದೆ. ನಾವು ಇಟಲಿ ಎಂದು ಒಂದೇ ಉಸಿರಿನಲ್ಲಿ ಕರೆಯುವ ದೇಶ ಒಂದಾದದ್ದು 1861ರಲ್ಲಿ. ವೆನಿಸ್ ಅದಕ್ಕೆ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಅದಕ್ಕೆ ಹಿಂದಿನ ಸಾವಿರ ವರ್ಷಗಳಲ್ಲಿ ಈ ಊರುಗಳಲ್ಲಿ ಹಲವು ತಮ್ಮಷ್ಟಕ್ಕೆ ತಾವೇ ರಾಜ್ಯಗಳಾಗಿದ್ದವು. ತಮ್ಮ ಸೈನ್ಯ, ತಮ್ಮ ಕಾನೂನು, ತಮ್ಮ ಅಳತೆ, ತಮ್ಮ ನಾಣ್ಯ. ಫ್ಲಾರೆನ್ಸ್ 1252ರಲ್ಲಿ ಫ್ಲೋರಿನ್ ಎಂಬ ಚಿನ್ನದ ನಾಣ್ಯ ಟಂಕಿಸಿತು. ವೆನಿಸ್ 1284ರಲ್ಲಿ ಡ್ಯುಕಾಟ್ ತಂದಿತು. ಈ ಡ್ಯುಕಾಟಿನ ಮೇಲೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸಿನ ದೊರೆಯ ಚಿತ್ರವಿರುತ್ತಿತ್ತು. ಮೆಣಸು, ಬಟ್ಟೆಗಳ ವ್ಯಾಪಾರದೊಂದಿಗೆ ಅದು ನಮ್ಮ ಪಡುವಣ ಕರಾವಳಿಗೂ ಬಂದು, ಕೊರಳ ಸರಗಳಲ್ಲಿ ಪೋಣಿಸಿಕೊಂಡಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಮದುವೆಗೆ ಹಾಕುವ ಪುತಳಿ ಸರದ ಬಿಲ್ಲೆಗಳ ಹಿಂದೆ ಆ ನಾಣ್ಯದ ನೆರಳಿದೆ. ಇನ್ನು ಈ ಊರುಗಳ ನಡುವಿನ ಹಗೆತನ, ಅಭಿಮಾನಗಳಂತೂ ಇನ್ನೂ ಆರಿಲ್ಲ. ಫ್ಲಾರೆನ್ಸ್ ತನ್ನ ಮಹಾಕವಿ ದಾಂತೆಯನ್ನು 1302ರಲ್ಲಿ ಗಡೀಪಾರು ಮಾಡಿತು. ಆತ 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆಮೇಲೆ ಅವನ ಅಸ್ಥಿಯನ್ನು ಕೊಡಿರೆಂದು ಫ್ಲಾರೆನ್ಸಿನವರು ಎಷ್ಟು ಬೇಡಿದರೂ ರವೆನ್ನಾ ಕೊಡಲಿಲ್ಲ. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ದಾಂತೆಗೆಂದು ಕಟ್ಟಿದ ಭವ್ಯ ಸಮಾಧಿ ಖಾಲಿಯಾಗಿಯೇ ಇದೆ. ಪ್ರತಿ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನ ಪ್ರತಿನಿಧಿಗಳು ರವೆನ್ನಾಕ್ಕೆ ಹೋಗಿ ಅವನ ಗೋರಿಯ ದೀಪಕ್ಕೆ ಎಣ್ಣೆ ಕೊಟ್ಟು ಬರುತ್ತಾರೆ. ಏಳುನೂರು ವರ್ಷದ ಹಿಂದಿನ ತಪ್ಪಿಗೆ ಒಂದು ಊರು ಇನ್ನೊಂದು ಊರಿಗೆ ಸಲ್ಲಿಸುವ ಕಾಣಿಕೆ ಇದು.

ಇಂಥ ಊರುಗಳನ್ನು ಒಂದು ದೇಶದ ಐದು ದೃಶ್ಯಗಳೆಂಬಂತೆ ನೋಡಹೊರಟರೆ ಕೊನೆಗೆ ಎಲ್ಲವೂ ಕಲೆಸಿಹೋಗುತ್ತವೆ. ಯಾವ ಚರ್ಚು ಯಾವ ಊರಿನದು, ಯಾವ ಸೇತುವೆ ಎಲ್ಲಿತ್ತು ಎಂದು ಫೋಟೊ ನೋಡಿ ಚರ್ಚಿಸಬೇಕಾಗುತ್ತದೆ. ವ್ಯತ್ಯಾಸ ಕಾಣುವುದು ನಿಂತಾಗ ಮಾತ್ರ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ ಎಂಬುದು ಮೊದಲ ದಿನ ಅಡುಗೆಯವನ ಮರೆವಿನಂತೆ ಕಾಣುತ್ತದೆ. ಮೂರನೆಯ ದಿನ ಅಲ್ಲಿನ ಖಾರದ ಎಣ್ಣೆ, ಗಟ್ಟಿ ಸಾರುಗಳ ಜೊತೆ ಅದು ಹೇಗೆ ಹೊಂದುತ್ತದೆಂದು ತಿಳಿಯುತ್ತದೆ. ಬೊಲೋನ್ಯ ಇನ್ನೂ ಒಳ್ಳೆಯ ಉದಾಹರಣೆ. ಪ್ಯಾಕೇಜುಗಳು ಹೆಚ್ಚಾಗಿ ರೈಲು ಕಿಟಕಿಯಿಂದಷ್ಟೇ ತೋರಿಸುವ ಈ ಊರಿನಲ್ಲಿ ಒಟ್ಟು 62 ಕಿಲೋಮೀಟರ್ ಉದ್ದದ ಕಮಾನು ಮೊಗಸಾಲೆಗಳಿವೆ. ನಮ್ಮ ಮಲೆನಾಡಿನ ಮನೆಗಳ ಜಗಲಿಯನ್ನು ಒಂದಕ್ಕೊಂದು ಹೊಲಿದು ಊರ ತುಂಬ ಹಾಸಿದ ಹಾಗೆ. 1088ರಲ್ಲಿ ಆರಂಭವಾಯಿತೆಂದು ಹೇಳುವ ಅಲ್ಲಿನ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳು ಮುಗಿಬಿದ್ದಾಗ, ಮನೆಯವರು ಮೇಲಿನ ಅಂತಸ್ತನ್ನು ಬೀದಿಗೆ ಚಾಚಿ ಕೋಣೆಗಳನ್ನು ಮಾಡಿಕೊಂಡರು, ಅದಕ್ಕೆ ಕೆಳಗಿನಿಂದ ಕಂಬ ಕೊಟ್ಟರು. 1288ರ ನಗರ ಕಾನೂನು ಇದನ್ನು ಕಡ್ಡಾಯ ಮಾಡಿತು: ಹೊಸ ಮನೆಗಳಿಗೆ ಮೊಗಸಾಲೆ ಇರಲೇಬೇಕು, ಕುದುರೆ ಸವಾರ ತಲೆ ತಾಗದಂತೆ ಹಾದುಹೋಗಬೇಕು. ಜಾಗ ಮನೆಯವನದು, ನಡೆಯುವ ಹಕ್ಕು ಎಲ್ಲರದು. ಯುನೆಸ್ಕೊ 2021ರಲ್ಲಿ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನಿಂದ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿನವರೆಗೆ 666 ಕಮಾನುಗಳ ಸಾಲು ಸುಮಾರು ನಾಲ್ಕು ಕಿಲೋಮೀಟರ್ ಹತ್ತುತ್ತದೆ. ಮಳೆ ಬಂದರೂ ಬಿಸಿಲು ಬಂದರೂ ಇಬ್ಬರು ಮಾತಾಡುತ್ತ ನಡೆಯಬಹುದಾದ ಇಂಥ ದಾರಿ ಯುರೋಪಿನಲ್ಲಿ ಇನ್ನೊಂದಿಲ್ಲವೆಂದೇ ನಾನು ಹೇಳುತ್ತೇನೆ. ಇದನ್ನು ನೋಡಲು ಬೇಕಾದದ್ದು ಟಿಕೆಟ್ ಅಲ್ಲ, ಬಿಡುವಿರುವ ಒಂದು ಮಧ್ಯಾಹ್ನ.

ಎಲ್ಲೂ ತಂಗದೆ ಓಡುವುದರಿಂದ ಆಗುವ ನಷ್ಟ ಎದ್ದು ಕಾಣುವುದು ವೆನಿಸಿನಲ್ಲಿ. ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಸಂತ ಮಾರ್ಕನ ಚೌಕ, ರಿಯಾಲ್ತೊ ಸೇತುವೆ, ಇವೆರಡರ ನಡುವಿನ ಇಕ್ಕಟ್ಟಿನ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವವರ ಗುಂಪದು. ಐದು ಊರಿನ ಪಟ್ಟಿ ಹಿಡಿದವರು ನೋಡುವುದು ಈ ವೆನಿಸನ್ನೇ. ಸಂಜೆಯ ರೈಲು, ಬಸ್ಸುಗಳು ಹೊರಟಮೇಲೆ ಅದೇ ಓಣಿಗಳು ಸಡಿಲವಾಗುತ್ತವೆ. ದಕ್ಷಿಣದ ಜಾತ್ತೆರೆ ದಂಡೆಯಲ್ಲಿ ಅಲ್ಲಿನ ಮುದುಕ ಮುದುಕಿಯರು ಕೈ ಹಿಡಿದು ಅಡ್ಡಾಡುತ್ತಾರೆ. ಓಣಿಗಳಲ್ಲಿ ಮೋಟಾರು ವಾಹನವೇ ಓಡದ ಊರಾದ್ದರಿಂದ ಕಿವಿಗೆ ಬೀಳುವುದು ಹೆಜ್ಜೆಯ ಸದ್ದು, ನೀರಿನ ಸದ್ದು. ಬೆಳಿಗ್ಗೆ ರಿಯಾಲ್ತೊ ಮಾರುಕಟ್ಟೆಯಲ್ಲಿ ತರಕಾರಿ ದೋಣಿಯಿಂದ ಇಳಿಯುವುದನ್ನು ನೋಡಬೇಕೆಂದರೂ ಅಲ್ಲಿ ಮಲಗಿದ್ದವರಿಗೇ ಸಾಧ್ಯ. ಈ ಭೇದವನ್ನು ಸ್ವತಃ ನಗರಸಭೆಯೇ ಒಪ್ಪಿಕೊಂಡಿದೆ. 2024ರ ಏಪ್ರಿಲ್ 25ರಿಂದ ಅದು ಹಗಲು ಪ್ರವಾಸಿಗರ ಮೇಲೆ ಪ್ರವೇಶ ಶುಲ್ಕ ಹಾಕಿತು. ಆ ವರ್ಷ ದಟ್ಟಣೆಯ 29 ದಿನಗಳಲ್ಲಿ ತಲೆಗೆ 5 ಯೂರೊ. 2025ರಲ್ಲಿ ಅದನ್ನು 54 ದಿನಗಳಿಗೆ ಏರಿಸಿ, ಕೊನೆ ಗಳಿಗೆಯಲ್ಲಿ ನೋಂದಾಯಿಸುವವರಿಗೆ 10 ಯೂರೊ ಮಾಡಿತು. ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ ಈ ಶುಲ್ಕ ಇಲ್ಲ. ಅವರು ಹೋಟೆಲಿನಲ್ಲೇ ಬೇರೆ ತೆರಿಗೆ ಕೊಡುತ್ತಾರೆ. ಓಡಿಬಂದು ಓಡಿಹೋಗುವವರು ಊರಿಗೆ ಭಾರ, ನಿಲ್ಲುವವರು ಅಷ್ಟಲ್ಲ ಎಂದು ವೆನಿಸ್ ಕಾನೂನಿನಲ್ಲೇ ಬರೆದುಕೊಂಡಂತಾಯಿತು.

ಇಲ್ಲಿ ನನ್ನ ವಾದಕ್ಕೇ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. 1951ರಲ್ಲಿ ವೆನಿಸಿನ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಜನ ಬದುಕುತ್ತಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ಬಾಡಿಗೆ ಏರಿತು, ಊರಿನ ಮಕ್ಕಳು ಸೇತುವೆಯಾಚೆಯ ಮೆಸ್ತ್ರೆಗೆ ಹೋದರು. ಹೀಗಿರುವಾಗ ಇನ್ನೂ ಹೆಚ್ಚು ಜನ ಅಲ್ಲಿ ತಂಗಿದರೆ ಗಾಯ ದೊಡ್ಡದಾಗುವುದಿಲ್ಲವೇ? ಆಗಬಹುದು. ಅದಕ್ಕೇ ಎಲ್ಲಿ ತಂಗುತ್ತೇವೆ ಎಂಬುದು ಮುಖ್ಯ. ಯಾರದೋ ಸಂಸಾರ ಇರಬೇಕಾಗಿದ್ದ ಮನೆಯನ್ನು ವಾರದ ಬಾಡಿಗೆಗೆ ಹಿಡಿಯುವುದಕ್ಕಿಂತ ಹೋಟೆಲಾಗಿಯೇ ನಡೆದುಬಂದ ಕಟ್ಟಡದಲ್ಲಿ ಕೋಣೆ ಹಿಡಿಯುವುದು ಮೇಲು. ಅದಕ್ಕಿಂತಲೂ ಮೇಲಿನ ದಾರಿಯೆಂದರೆ ಪಾದುವಾದಲ್ಲಿ ತಂಗುವುದು. ರೈಲಿನಲ್ಲಿ ಅರ್ಧ ಗಂಟೆ ದೂರ, ತನ್ನದೇ ವಿಶ್ವವಿದ್ಯಾಲಯ, ತನ್ನದೇ ಮಾರುಕಟ್ಟೆ ಇರುವ ಜೀವಂತ ಊರು. ಅಲ್ಲಿಂದ ವೆನಿಸಿನ ಒಂದು ಇಡೀ ಸಂಜೆಯನ್ನು ನೋಡಿ ರಾತ್ರಿಯ ರೈಲಿಗೆ ಮರಳಬಹುದು. ಆ ದಿನ ಪಟ್ಟಿಯಲ್ಲಿದ್ದು ಹಗಲಲ್ಲೇ ಊರು ಹೊಕ್ಕರೆ ಪ್ರವೇಶ ಶುಲ್ಕ ಕೊಡಬೇಕಾದೀತು, ಕೊಡಬೇಕಾದದ್ದೇ. ಎರಡು ಊರು ಎಂಬ ನಿಯಮ ವೆನಿಸಿನಲ್ಲೇ ಮಲಗಿ ಎಂದು ಹೇಳುವುದಿಲ್ಲ. ನೋಡುವ ಊರಿಗೆ ಅದರ ಹೊತ್ತನ್ನು ಕೊಡಿ ಎಂದಷ್ಟೇ ಹೇಳುತ್ತದೆ.

ಇನ್ನು ಇಬ್ಬರೇ ಹೋಗುವ ಪ್ರವಾಸದ ವಿಶೇಷಕ್ಕೆ ಬರೋಣ. ವಾರ್ಷಿಕೋತ್ಸವ ಎಂದೊಡನೆ ಗೊಂಡೊಲ, ಟ್ರೆವಿ ಕಾರಂಜಿಗೆ ಎಸೆಯುವ ನಾಣ್ಯ, ವೆರೋನಾದ ಜೂಲಿಯೆಟ್ ಬಾಲ್ಕನಿ ನೆನಪಾಗುತ್ತವೆ. ಆ ಬಾಲ್ಕನಿಯನ್ನು ಮನೆಗೆ ಜೋಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಪ್ರವಾಸಿಗರಿಗಾಗಿ. ದಾಂಪತ್ಯದ ಬಗ್ಗೆ ಇಟಲಿ ಹೇಳುವ ನಿಜವಾದ ಮಾತು ಬೇರೆ ಕಡೆ ಇದೆ, ಐದು ಊರಿನ ಪಟ್ಟಿ ಅಲ್ಲಿಗೆ ತಲುಪುವುದೇ ಇಲ್ಲ. ರೋಮಿನ ಉತ್ತರ ಭಾಗದಲ್ಲಿ ವಿಲ್ಲಾ ಜೂಲಿಯಾ ಎಂಬ ವಸ್ತುಸಂಗ್ರಹಾಲಯವಿದೆ. ಹದಿನಾರನೆಯ ಶತಮಾನದಲ್ಲಿ ಪೋಪ್ ಮೂರನೆಯ ಜೂಲಿಯಸ್‌ಗೆಂದು ಕಟ್ಟಿದ ತೋಟದ ಅರಮನೆ ಅದು. ರೋಮನ್ನರಿಗಿಂತ ಮೊದಲು ಆ ನೆಲದಲ್ಲಿ ಮೆರೆದ ಎಟ್ರುಸ್ಕನ್ನರ ವಸ್ತುಗಳು ಅಲ್ಲಿವೆ. ಅವುಗಳ ನಡುವೆ ಒಂದು ಸಾವಿನ ಪೆಟ್ಟಿಗೆಯ ಮೇಲೆ ಸುಟ್ಟ ಮಣ್ಣಿನಲ್ಲಿ ಮಾಡಿದ ಗಂಡ ಹೆಂಡತಿ ಇದ್ದಾರೆ. ಕ್ರಿಸ್ತಪೂರ್ವ 520ರ ಸುಮಾರಿನದು. ಚೆರ್ವೆತೆರಿ ಎಂಬಲ್ಲಿನ ಗೋರಿಗಳಲ್ಲಿ ನೂರಾರು ಚೂರುಗಳಾಗಿ ಸಿಕ್ಕಿ, ಮತ್ತೆ ಜೋಡಿಸಿದ್ದು. ಇಬ್ಬರೂ ಒಂದೇ ಮಂಚದ ಮೇಲೆ ಒರಗಿ ಊಟಕ್ಕೆ ಕುಳಿತಿದ್ದಾರೆ. ಹೆಂಡತಿ ಮುಂದೆ, ಗಂಡ ಅವಳ ಹಿಂದೆ, ಅವನ ಬಲಗೈ ಅವಳ ಹೆಗಲ ಮೇಲೆ. ಅವಳ ತಲೆಗೆ ಮೆತ್ತನೆಯ ಟೊಪ್ಪಿಗೆ, ಕಾಲಿಗೆ ಚೂಪು ತುದಿಯ ಮೆಟ್ಟು, ಅವನದು ಬರಿಗಾಲು. ಕಣ್ಣುಗಳು ಉದ್ದ, ತುಟಿಯಲ್ಲಿ ನಗು. ಅವರ ಕೈಗಳು ಏನನ್ನೋ ಹಿಡಿದುಕೊಂಡಿದ್ದವು. ಬಟ್ಟಲೋ, ಸುಗಂಧದ ಕುಪ್ಪಿಯೋ, ಅದು ಈಗ ಇಲ್ಲ. ಹೀಗಾಗಿ ಆ ಬೆರಳುಗಳು ಮಾತಿನ ನಡುವೆ ತಡೆದು ನಿಂತಂತೆ ಕಾಣುತ್ತವೆ. ಒಳಗಿದ್ದದ್ದು ಚಿತೆಯ ಬೂದಿ. ಆ ಕಾಲದ ಗ್ರೀಕರಲ್ಲಿ ಮನೆಯ ಹೆಂಗಸು ಗಂಡಸರ ಔತಣದಲ್ಲಿ ಕೂರುವಂತಿರಲಿಲ್ಲ. ಎಟ್ರುಸ್ಕನ್ನರ ಹೆಂಡತಿ ಗಂಡನ ಸಮಕ್ಕೆ ಒರಗುವುದನ್ನು ಕಂಡು ಗ್ರೀಕ್ ಲೇಖಕರು ಹಗುರಾಗಿ ಬರೆದರು. ಸಾವಿನ ಪೆಟ್ಟಿಗೆಯ ಮೇಲೂ ಜೊತೆಯಾಗಿ ಉಣ್ಣುತ್ತಿರುವಂತೆ ತಮ್ಮನ್ನು ಮಾಡಿಸಿಕೊಂಡ ಈ ಇಬ್ಬರ ಮುಂದೆ ಕಾಲು ಗಂಟೆ ನಿಲ್ಲುವುದು ಯಾವ ಗೊಂಡೊಲಕ್ಕಿಂತಲೂ ವಾರ್ಷಿಕೋತ್ಸವಕ್ಕೆ ಒಪ್ಪುವ ಕೆಲಸ. ಆದರೆ ರೋಮಿಗೆ ಒಂದೂವರೆ ದಿನ ಕೊಟ್ಟವರು ಕೊಲೋಸಿಯಂ, ವ್ಯಾಟಿಕನ್ ಮುಗಿಸುವಷ್ಟರಲ್ಲಿ ರೈಲಿನ ಹೊತ್ತಾಗಿರುತ್ತದೆ.

ಪಾದುವಾದಲ್ಲೂ ಇಂಥದ್ದೊಂದಿದೆ. ಸ್ಕ್ರೊವೆನ್ಯಿ ಎಂಬ ಚಿಕ್ಕ ಪ್ರಾರ್ಥನಾಲಯದ ಗೋಡೆಗಳ ಮೇಲೆ 1305ರ ಹೊತ್ತಿಗೆ ಜ್ಯೊತ್ತೊ ಬರೆದ ಚಿತ್ರಗಳು. ಅದರಲ್ಲೊಂದು, ಮೇರಿಯ ತಂದೆತಾಯಿಯಾದ ಯೊವಾಕಿಮ್ ಮತ್ತು ಅನ್ನಾರದು. ಮಕ್ಕಳಿಲ್ಲವೆಂದು ದೇವಾಲಯದಿಂದ ಹೊರಗಟ್ಟಿಸಿಕೊಂಡ ಯೊವಾಕಿಮ್ ಬಹುಕಾಲದ ಮೇಲೆ ಮರಳುತ್ತಾನೆ. ಊರ ಬಾಗಿಲಲ್ಲಿ ಹೆಂಡತಿ ಎದುರಾಗುತ್ತಾಳೆ. ಇಬ್ಬರೂ ವಯಸ್ಸಾದವರು. ಅವಳ ಒಂದು ಕೈ ಅವನ ತಲೆಯ ಹಿಂದೆ, ಇನ್ನೊಂದು ಗಡ್ಡದ ಮೇಲೆ. ಎರಡು ಮುಖಗಳು ಸೇರಿ ಒಂದೇ ಮುಖವಾದಂತಿದೆ. ಹರೆಯದ ಪ್ರೇಮವನ್ನು ಚಿತ್ರಿಸಿದವರು ಸಾವಿರ ಜನ. ನರೆಗೂದಲಿನ ದಂಪತಿಗಳ ಮುತ್ತನ್ನು ಇಷ್ಟು ಗೌರವದಿಂದ ಬರೆದವರು ಕಡಿಮೆ. ಉಸಿರಿನ ತೇವದಿಂದ ಬಣ್ಣ ಕೆಡಬಾರದೆಂದು ಅಲ್ಲಿ ಮೊದಲು ಹದಿನೈದು ನಿಮಿಷ ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ, ಆಮೇಲೆ ಹದಿನೈದು ನಿಮಿಷ ಒಳಗೆ ಬಿಡುತ್ತಾರೆ. ಮುಂಗಡ ಕಾದಿರಿಸಬೇಕು. ಫ್ಲಾರೆನ್ಸಿನ ಉಫೀತ್ಸಿ ಗ್ಯಾಲರಿಯಲ್ಲಿ ಬೊತ್ತಿಚೆಲ್ಲಿಯ ವೀನಸ್ ಮುಂದೆ ಸೇರುವ ಗುಂಪು, ಅಲ್ಲೇ ಇರುವ ಉರ್ಬಿನೊ ದೊರೆ ಮತ್ತು ಅವನ ಪತ್ನಿಯ ಜೋಡಿ ಚಿತ್ರದ ಹತ್ತಿರ ಅಷ್ಟಾಗಿ ನಿಲ್ಲುವುದಿಲ್ಲ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ, ಅರ್ಧ ಮೀಟರಿಗಿಂತ ಕಡಿಮೆ ಎತ್ತರದ ಎರಡು ಹಲಗೆಗಳು. ಕಾಳಗದ ಆಟದಲ್ಲಿ ಬಲಗಣ್ಣು ಕಳೆದುಕೊಂಡಿದ್ದ ದೊರೆ ಎಡಗೆನ್ನೆ ತೋರಿಸಿ ನಿಂತಿದ್ದಾನೆ. ಎದುರಿಗೆ ಬಾತ್ತಿಸ್ತಾ ಸ್ಫೋರ್ತ್ಸಾ, ಮುಖ ಬಿಳುಪೇರಿದೆ. ಆಕೆ 1472ರಲ್ಲಿ ಇಪ್ಪತ್ತಾರರ ವಯಸ್ಸಿನಲ್ಲಿ ತೀರಿಕೊಂಡಳು. ಚಿತ್ರ ಅದಾದ ಮೇಲಿನದೆಂದು ಹಲವು ವಿದ್ವಾಂಸರು ನಂಬುತ್ತಾರೆ. ಇಬ್ಬರ ಹಿಂದಿನ ಬೆಟ್ಟ ಬಯಲುಗಳು ಮಾತ್ರ ಒಂದು ಹಲಗೆಯಿಂದ ಇನ್ನೊಂದಕ್ಕೆ ಕಡಿಯದೆ ಸಾಗುತ್ತವೆ.

ನಿಂತು ನೋಡಿದರೆ ಏನು ದಕ್ಕುತ್ತದೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಸಾಕ್ಷಿ ಇದೆ. ಅದೂ ಒಬ್ಬ ರೋಮಿನವನದು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಬಂದ. ದಾರಿಯಲ್ಲಿ ಸಾಮಾನು ಹೊರಡುವುದು ತಡವಾಗಿ ಒಂದು ದೇವಸ್ಥಾನದ ಜಗಲಿಯಲ್ಲಿ ಕಾಯಬೇಕಾಯಿತು. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟರಿಲ್ಲದೆ ಮರೆತುಹೋದರೆ ಏನು ಮಾಡುತ್ತೀರಿ ಎಂದು ಆತ ಕೇಳಿದ. ನಾಲ್ವರೂ ಒಂದೇ ಭಾಗವನ್ನು ಮರೆಯಲು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ ಎಂಬ ಅರ್ಥದ ಉತ್ತರ ಬಂತು. ಹದಿನೇಳನೆಯ ಶತಮಾನದ ಮಲೆನಾಡಿನ ಮಕ್ಕಳು ಹೇಗೆ ಕಲಿಯುತ್ತಿದ್ದರೆಂದು ಇಂದು ನಮಗೆ ತಿಳಿದಿದ್ದರೆ ಅದಕ್ಕೆ ಆ ಕಾಯುವಿಕೆಯೇ ಕಾರಣ. ದಂಪತಿಗಳು ಈತನ ಇನ್ನೊಂದು ಕತೆಯನ್ನೂ ತಿಳಿದಿರಬೇಕು. ಬಾಗ್ದಾದಿನಲ್ಲಿ ಆತ ಮಾನಿ ಎಂಬಾಕೆಯನ್ನು ಮದುವೆಯಾಗಿದ್ದ. ಜೊತೆಯಾಗಿ ಪರ್ಷಿಯಾ ತಿರುಗಿದ್ದರು. 1621ರಲ್ಲಿ ಹೊರ್ಮುಜ್ ಬಳಿ ಆಕೆ ತೀರಿಕೊಂಡಳು. ಪಿಯೆತ್ರೊ ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹ ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ದಾರಿಯಾಗಿ ವರ್ಷಗಳ ಪ್ರಯಾಣ ಮಾಡಿ 1626ರಲ್ಲಿ ರೋಮ್ ಸೇರಿ, ಮರುವರ್ಷ ತನ್ನ ಮನೆತನದ ನೆಲೆಯಲ್ಲಿ ಸಮಾಧಿ ಮಾಡಿದ. ಆ ಚರ್ಚು ರೋಮಿನ ನಟ್ಟನಡುವೆ, ಕ್ಯಾಪಿಟೊಲೈನ್ ಗುಡ್ಡದ ಮೇಲಿರುವ ಸಾಂತಾ ಮರಿಯಾ ಇನ್ ಅರಾಚೇಲಿ. ಗುಂಪುಗಳು ಅದರ ಕಡಿದಾದ ಮೆಟ್ಟಿಲಿನ ಬುಡದಿಂದಲೇ ಮುಂದೆ ಸಾಗುತ್ತವೆ. ಇಕ್ಕೇರಿ ನೋಡಿದ ಕನ್ನಡಿಗ ದಂಪತಿಗಳಿಗೆ ಆ ಮೆಟ್ಟಿಲು ಹತ್ತಲು ಇದಕ್ಕಿಂತ ಬೇರೆ ಕಾರಣ ಬೇಕೇ?

ಈಗ ಎಲ್ಲಕ್ಕಿಂತ ಬಲವಾದ ಆಕ್ಷೇಪ: ಮತ್ತೆ ಬರುತ್ತೇವೋ ಇಲ್ಲವೋ, ಮಧ್ಯಮ ವರ್ಗದ ಸಂಸಾರಕ್ಕೆ ಯುರೋಪು ಒಂದೇ ಸಲದ ಮಾತು, ಹೀಗಿರುವಾಗ ವೆನಿಸೋ ಫ್ಲಾರೆನ್ಸೋ ಬಿಟ್ಟುಬನ್ನಿ ಎಂದು ಹೇಳುವುದು ಉಳ್ಳವರ ಮಾತಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಸಲದ ಪ್ರವಾಸ ಎಂಬುದೇ ಅದನ್ನು ಕೆಡಿಸಿಕೊಳ್ಳದಿರಲು ಕಾರಣವಾಗಬೇಕು. ವೆನಿಸಿನ ನೂಕುನುಗ್ಗಲಿನಲ್ಲಿ ನಾಲ್ಕು ಗಂಟೆ ನಿಂತುಬಂದವರು ವೆನಿಸ್ ನೋಡಿದಂತಾಗುವುದಿಲ್ಲ, ಆದರೆ ಅದಕ್ಕಾಗಿ ರೋಮಿನ ಒಂದು ದಿನವನ್ನು ಕೊಟ್ಟಿರುತ್ತಾರೆ. ಎರಡೂ ಕಡೆ ನಷ್ಟ. ಮೇಲಾಗಿ ಎರಡು ಊರಿನಲ್ಲಿ ತಂಗುವುದೆಂದರೆ ಎರಡನ್ನೇ ನೋಡುವುದು ಎಂದಲ್ಲ. ಬೊಲೋನ್ಯದಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗಿನ ದಾರಿ. ಲಗೇಜನ್ನು ಕೋಣೆಯಲ್ಲೇ ಬಿಟ್ಟು, ಕೈಚೀಲ ಹಿಡಿದು ಬೆಳಿಗ್ಗೆ ಹೋಗಿ, ಉಫೀತ್ಸಿ ನೋಡಿ, ಬ್ರುನೆಲ್ಲೆಸ್ಕಿ 1436ರಲ್ಲಿ ಮುಗಿಸಿದ ಗುಮ್ಮಟದ ಕೆಳಗೆ ನಿಂತು, ರಾತ್ರಿ ಊಟಕ್ಕೆ ಮರಳಬಹುದು. ಫ್ಲಾರೆನ್ಸಿನ ಸಂಜೆ ತಪ್ಪುತ್ತದೆ, ನಿಜ. ಆದರೆ ಅಲ್ಲಿನ ಮುಖ್ಯ ಸಂಪತ್ತು ಹಗಲಿನಲ್ಲಿ, ಛಾವಣಿಯ ಕೆಳಗಿದೆ. ಮೆದಿಚಿ ವಂಶದ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ 1737ರ ಒಪ್ಪಂದದಲ್ಲಿ ಮನೆತನದ ಕಲಾಕೃತಿಗಳೊಂದೂ ಊರು ಬಿಟ್ಟು ಹೋಗಬಾರದೆಂದು ಬರೆಸಿದ್ದರಿಂದಲೇ ಅವು ಅಲ್ಲಿ ಉಳಿದಿವೆ. ವೆನಿಸ್ ಹಾಗಲ್ಲ, ಅಲ್ಲಿ ಊರೇ ಸಂಪತ್ತು. ಯಾವ ಊರನ್ನು ಹಗಲಲ್ಲಿ ನೋಡಿ ಬರಬಹುದು, ಯಾವುದರಲ್ಲಿ ಮಲಗಬೇಕು ಎಂದು ಹೀಗೆ ಯೋಚಿಸಿದರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಖರ್ಚಿನ ವಿಷಯದಲ್ಲಿ ಮರೆಮಾಚದೆ ಹೇಳಬೇಕು. ಊರಿನ ನಡುವಿನ ಕೋಣೆಗೆ ಬಾಡಿಗೆ ಜಾಸ್ತಿ; ಪ್ಯಾಕೇಜಿನವರು ಹೊರವಲಯದ ಹೋಟೆಲಿನಲ್ಲಿ ಇಳಿಸುವುದರಿಂದ ಅವರ ದರ ಕಡಿಮೆ ಕಾಣುತ್ತದೆ. ಹಳೆಯ ಊರುಗಳೊಳಗೆ ವಾಹನಗಳಿಗೆ ನಿರ್ಬಂಧವಿರುವುದರಿಂದ ಅವರ ಬಸ್ಸು ಹೊರಗೇ ನಿಲ್ಲಬೇಕು, ಅಲ್ಲಿಂದ ನಡೆಯಬೇಕು, ನಿಗದಿತ ಹೊತ್ತಿಗೆ ಮರಳಬೇಕು. ಇತ್ತ ಎರಡು ಊರಿನ ಪ್ರವಾಸದಲ್ಲಿ ಮೂರು ದೊಡ್ಡ ರೈಲು ಪ್ರಯಾಣದ ಟಿಕೆಟ್, ಅಷ್ಟೇ ಸಲದ ಟ್ಯಾಕ್ಸಿ ಉಳಿಯುತ್ತದೆ. ವೆನಿಸಿನಲ್ಲಿ ಗೊಂಡೊಲದ ಅಧಿಕೃತ ದರ ಅರ್ಧ ಗಂಟೆಗೆ 90 ಯೂರೊ, ರಾತ್ರಿ 110. ದೊಡ್ಡ ಕಾಲುವೆ ದಾಟಿಸುವ ಸಾರ್ವಜನಿಕ ದೋಣಿ ಹೆಚ್ಚುಕಡಿಮೆ ಅದೇ ಬಗೆಯದು, ದರ 2 ಯೂರೊ. ಅದು ಎಲ್ಲಿ ನಿಲ್ಲುತ್ತದೆಂದು ಒಂದು ದಿನ ಇದ್ದವರಿಗೆ ಗೊತ್ತಾಗುತ್ತದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಚೌಕದ ಮೇಜಿನಲ್ಲಿ ಕೂತರೆ ಹಲವು ಪಟ್ಟು. ಐವತ್ತನೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಕಳಿಸಿಕೊಡುವ ಹಿರಿಯರಿಗೆ ಪ್ಯಾಕೇಜಿನ ಆಸರೆ ಬೇಕಾದೀತು: ಭಾಷೆ ತಿಳಿದವರು ಜೊತೆಗಿರುತ್ತಾರೆ, ಔಷಧಿ ಬೇಕಾದರೆ ಕೇಳಬಹುದು. ಅದನ್ನು ಒಪ್ಪುತ್ತೇನೆ. ಆದರೆ ದಿನಕ್ಕೊಂದು ಹೋಟೆಲ್ ಬದಲಿಸುವುದು ಎಲ್ಲರಿಗಿಂತ ಹೆಚ್ಚು ದಣಿಸುವುದು ಅವರನ್ನೇ. ವೆನಿಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲಿಗೆ ಮೆಟ್ಟಿಲು. ಫ್ಲಾರೆನ್ಸಿನ ಗುಮ್ಮಟ ಹತ್ತಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಹಿರಿಯರಿಗೆ ಪ್ಯಾಕೇಜ್ ಹುಡುಕುವ ಮಕ್ಕಳು ಮೊದಲು ಎಣಿಸಬೇಕಾದದ್ದು ಎಷ್ಟು ಸಲ ಪೆಟ್ಟಿಗೆ ಕಟ್ಟಬೇಕು ಎಂಬುದನ್ನು.

ಸಸ್ಯಾಹಾರಿಗಳ ಭಯ ಬೇರೆ. ಗುಂಪಿನಲ್ಲಿ ಹೋದರೆ ರಾತ್ರಿ ಅನ್ನ, ಸಾರು ಸಿಗುತ್ತದೆ. ಇಬ್ಬರೇ ಹೋದರೆ ಏನು ತಿನ್ನುವುದು? ಇಟಲಿಯಲ್ಲಿ ತರಕಾರಿ ಅಡುಗೆಗೆ ಬರವಿಲ್ಲ, ಎಚ್ಚರ ಬೇಕಷ್ಟೆ. ಪಾರ್ಮೆಜಾನ್ ಚೀಸನ್ನು ಕರುವಿನ ಹೊಟ್ಟೆಯ ಹೆಪ್ಪು ಹಾಕಿಯೇ ಮಾಡಬೇಕೆಂಬ ನಿಯಮವಿದೆ. ಕಟ್ಟುನಿಟ್ಟಿನವರು ಅದನ್ನು ಬಿಡಬೇಕಾಗುತ್ತದೆ. ನೇಪಲ್ಸ್ ಬಗೆಯ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಮಾತ್ರ. ರೋಮಿನ ಯಹೂದಿ ಕೇರಿಯಲ್ಲಿ ಆರ್ಟಿಚೋಕನ್ನು ಇಡಿಯಾಗಿ ಗರಿಗರಿ ಕರಿದು ಕೊಡುತ್ತಾರೆ. ರೋಮಿನ ತೆರ್ಮಿನಿ ಸ್ಟೇಷನ್ನಿಗೆ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಯಲ್ಲಿ ಬಾಂಗ್ಲಾದೇಶದ ವ್ಯಾಪಾರಿಗಳಿದ್ದಾರೆ. ಬೆಂಡೆಕಾಯಿ, ಹಸಿಮೆಣಸು, ಕೊತ್ತಂಬರಿ, ಬೇಳೆ ಸಿಗುತ್ತವೆ. ಅಡುಗೆಮನೆಯಿರುವ ಕೋಣೆ ಹಿಡಿದರೆ ಒಂದು ಹೊತ್ತು ಮನೆಯ ಊಟ ಮಾಡಿಕೊಳ್ಳಬಹುದು. ಒಂದೇ ಊಟದ ಅಂಗಡಿಗೆ ಎರಡನೆಯ ಸಲ ಹೋದಾಗ ನೀವು ಏನು ತಿನ್ನುವುದಿಲ್ಲ ಎಂಬುದು ಅಲ್ಲಿಯವರಿಗೆ ನೆನಪಿರುತ್ತದೆ. ದಿನಕ್ಕೊಂದು ಊರಿನಲ್ಲಿ ದಿನವೂ ಅದೇ ವಿವರಣೆ. ಮಧ್ಯಾಹ್ನ ಎರಡೂವರೆಯಿಂದ ಸಂಜೆ ಏಳರವರೆಗೆ ಎಷ್ಟೋ ಅಡುಗೆಮನೆಗಳು ಮುಚ್ಚಿರುತ್ತವೆ ಎಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು.

ಹಾಗಾದರೆ ಯಾವ ಎರಡು? ಮೊದಲ ಸಲ ಹೋಗುವವರಿಗೆ ರೋಮ್ ಒಂದಿರಲಿ, ಕಡಿಮೆಯೆಂದರೆ ನಾಲ್ಕು ರಾತ್ರಿ. ಎರಡನೆಯದು ಬೊಲೋನ್ಯ, ಪಾದುವಾ, ವೆನಿಸ್‌ಗಳಲ್ಲಿ ಯಾವುದಾದರೊಂದು. ರೋಮಿನಲ್ಲಿ ಇಳಿದು ವೆನಿಸಿನಿಂದಲೋ ಬೊಲೋನ್ಯದಿಂದಲೋ ವಿಮಾನ ಹತ್ತಿದರೆ ಹಿಂದಿರುಗುವ ರೈಲು ಪ್ರಯಾಣವೂ ಉಳಿಯುತ್ತದೆ. ಮದುವೆಯ ತಾರೀಖಿಗೇ ಹೋಗಬೇಕೆಂಬ ಹಟ ಬೇಡ. ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವ ಏಪ್ರಿಲ್, ಮೇ ಅಲ್ಲಿಗೂ ಒಳ್ಳೆಯ ಕಾಲ. ಆಗಸ್ಟಿನಲ್ಲಿ ಸೆಖೆ ವಿಪರೀತ. 15ರ ಹಬ್ಬದ ಆಸುಪಾಸಿನಲ್ಲಿ ಊರಿನವರೇ ಅಂಗಡಿ ಮುಚ್ಚಿ ಸಮುದ್ರತೀರಕ್ಕೆ ಹೋಗಿಬಿಡುತ್ತಾರೆ. ನವೆಂಬರಿನಲ್ಲಿ ದರ ಇಳಿದಿರುತ್ತದೆ, ಆದರೆ ಹಗಲು ಚಿಕ್ಕದು. 2019ರ ನವೆಂಬರ್ 12ರಂದು ವೆನಿಸಿನಲ್ಲಿ ನೀರು 187 ಸೆಂಟಿಮೀಟರ್ ಏರಿದ್ದು ಇದೇ ಋತುವಿನಲ್ಲಿ. 2020ರ ಅಕ್ಟೋಬರಿನಿಂದ ಕಡಲ ಬಾಗಿಲುಗಳು ಕೆಲಸ ಮಾಡುತ್ತಿರುವುದರಿಂದ ಆ ಅಪಾಯ ಈಗ ತಗ್ಗಿದೆ. ಷೆಂಗನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಯ ರಜೆಗೆ ಮುನ್ನ ವೀಸಾ ಕೇಂದ್ರಗಳಲ್ಲಿ ದಿನಾಂಕ ಸಿಗುವುದು ಕಷ್ಟವಾದ್ದರಿಂದ ಮೇ ತಿಂಗಳಲ್ಲಿ ಹೊರಡುವವರು ಹೊಸ ವರ್ಷದ ಹೊತ್ತಿಗೇ ಕಾಗದಪತ್ರ ಸಿದ್ಧ ಮಾಡಿಕೊಳ್ಳಬೇಕು. ವೀಸಾ ಕೈಗೆ ಬಂದ ಕೂಡಲೇ ಪಾದುವಾದ ಸ್ಕ್ರೊವೆನ್ಯಿ, ರೋಮಿನ ಬೊರ್ಗೇಸೆ ಗ್ಯಾಲರಿಗಳಂಥ, ಗಂಟೆ ಗೊತ್ತುಮಾಡಿ ಒಳಗೆ ಬಿಡುವ ಜಾಗಗಳಿಗೆ ಮೊದಲು ಕಾದಿರಿಸಿ. ಉಫೀತ್ಸಿ, ವಿಲ್ಲಾ ಜೂಲಿಯಾಗಳಿಗೆ ಸೋಮವಾರ ರಜೆ.